ವಿಶ್ವವಿದ್ಯಾಲಯದ ಹವಾಮಾನ ಸಂಶೋಧನಾ ಸಂಸ್ಥೆ ನಡೆಸುವುದು ಹೇಗೆ: ಹೊಸ ನಿರ್ದೇಶಕರಿಗೆ ಹಂತ ಹಂತದ ಮಾರ್ಗದರ್ಶಿ

ಹವಾಮಾನ ಬದಲಾವಣೆಗೆ ಪರಿಹಾರ ಹುಡುಕುವ ಸಂಸ್ಥೆ ಅಂತ ಬೋರ್ಡ್ ಬೀಳುತ್ತದೆ. ಉದ್ಘಾಟನೆ ಆಗುತ್ತದೆ, ಒಂದೆರಡು ವಿಚಾರ ಸಂಕಿರಣವೂ ಆಗುತ್ತದೆ. ನಾಲ್ಕು ವರ್ಷ ಬಿಟ್ಟು ನೋಡಿದರೆ ಉಳಿದಿರುವುದು ಕೆಲವು ಪೇಪರ್‌ಗಳು, ಕೆಟ್ಟು ನಿಂತ ಹವಾಮಾನ ಕೇಂದ್ರ, ಫೆಲೋಶಿಪ್ ಬಾಕಿ ಇರುವ ಒಂದಿಬ್ಬರು ಸಂಶೋಧನಾ ವಿದ್ಯಾರ್ಥಿಗಳು. ನಡೆಸಿದವರು ಸೋಮಾರಿಗಳಲ್ಲ, ಬಹಳ ಸಲ ಒಳ್ಳೆಯ ವಿಜ್ಞಾನಿಗಳೇ. ಅವರು ಎಡವುವುದು ಯಾವ ಕೆಲಸ ಮೊದಲು, ಯಾವುದು ಆಮೇಲೆ ಎನ್ನುವಲ್ಲಿ. ಮೊದಲು ಹಣ, ಆಮೇಲೆ ಯಂತ್ರ, ಆಮೇಲೆ ಜನ, ಕಟ್ಟಕಡೆಗೆ "ಇದು ಯಾರಿಗೆ ಬೇಕು?" ಎಂಬ ಪ್ರಶ್ನೆ. ಆ ಪ್ರಶ್ನೆಯನ್ನು ಮೊದಲಿಗೆ ತರಬೇಕು. ಈ ಬರಹದ ಹಂತಗಳೆಲ್ಲ ಆ ಲೆಕ್ಕದಲ್ಲೇ ಇವೆ.

ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇಂಥ ಸಂಸ್ಥೆಯ ಹೊಣೆ ಈಗಷ್ಟೇ ಹೊತ್ತವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪಾಠ ಮಾಡುತ್ತಲೇ "ಹೆಚ್ಚುವರಿ ಪ್ರಭಾರ"ದಲ್ಲಿ ನಿರ್ದೇಶಕರಾದವರಿಗೂ ಇದು ಹೊಂದುತ್ತದೆ.

## ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ಸಂಸ್ಥೆ ಸ್ಥಾಪಿಸಿದ ಆದೇಶ ಮತ್ತು ಅದಕ್ಕೆ ಒಪ್ಪಿಗೆ ಕೊಟ್ಟ ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸಭೆಯ ನಡಾವಳಿ. ನಡೆಯುತ್ತಿರುವ ಪ್ರಾಜೆಕ್ಟ್‌ಗಳ ಪಟ್ಟಿ: ಪ್ರತಿಯೊಂದೂ ಮುಗಿಯುವ ದಿನ, ಬಂದ ಹಣ, ಬಾಕಿ ಹಣ, ಕೊನೆಯ ಬಳಕೆ ಪ್ರಮಾಣಪತ್ರ (ಬಂದ ಹಣ ಹೇಗೆ ಖರ್ಚಾಯಿತು ಎಂದು ಹಣ ಕೊಟ್ಟವರಿಗೆ ಕೊಡುವ ಲೆಕ್ಕ) ಹೋದ ದಿನ. ಯೋಜನಾ ಸಿಬ್ಬಂದಿಯ ಗುತ್ತಿಗೆ ಮುಗಿಯುವ ತಾರೀಕು. ದಾಸ್ತಾನು ಪುಸ್ತಕ. ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ. ಈ ಹಾಳೆ ತಯಾರಿಸಲು ಎರಡು ವಾರ ಹಿಡಿಯುತ್ತಿದೆ ಎಂದರೆ ಸಂಸ್ಥೆಯ ಕಡತಗಳು ಎಲ್ಲೆಲ್ಲೋ ಇವೆ ಅಂತ ಅರ್ಥ. ಆ ಎರಡು ವಾರ ದಂಡವಲ್ಲ.

## ಹಂತ 1: ಅಧಿಕಾರವನ್ನು ಬರಹದಲ್ಲಿ ಪಡೆಯಿರಿ

ಹುದ್ದೆ ಒಪ್ಪಿಕೊಳ್ಳುವ ಮುಂಚೆ, ಇಲ್ಲವೇ ಒಪ್ಪಿಕೊಂಡ ಮೊದಲ ತಿಂಗಳೊಳಗೆ ಕುಲಪತಿಗಳ ಜೊತೆ ಕೂತು ಐದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ನಿಮ್ಮ ಸಹಿಯಲ್ಲಿ ಎಷ್ಟು ರೂಪಾಯಿವರೆಗೆ ಖರ್ಚು ಮಾಡಬಹುದು? ಪ್ರಾಜೆಕ್ಟ್ ಸಿಬ್ಬಂದಿಯನ್ನು ಯಾರು ಆಯ್ಕೆ ಮಾಡುತ್ತಾರೆ? ಓವರ್‌ಹೆಡ್ ಹಣದಲ್ಲಿ, ಅಂದರೆ ಪ್ರಾಜೆಕ್ಟ್ ಅನುದಾನದ ಜೊತೆ ಸಾಮಾನ್ಯ ಖರ್ಚಿಗೆಂದು ಬರುವ ಹಣದಲ್ಲಿ, ಸಂಸ್ಥೆಗೆ ಬರುವ ಪಾಲು ಎಷ್ಟು? ನಿಮ್ಮ ಪಾಠದ ಹೊರೆ ಎಷ್ಟು ಇಳಿಯುತ್ತದೆ? ನಿಮ್ಮ ಅವಧಿ ಎಷ್ಟು ವರ್ಷ?

ಬಾಯಿಮಾತಿನ ಭರವಸೆಗೆ ಇಲ್ಲಿ ಆಯುಸ್ಸು ಕಡಿಮೆ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ ಕುಲಪತಿಗಳ ಅವಧಿ ನಾಲ್ಕು ವರ್ಷ. ನೀವು ಬಂದಾಗ ಅವರು ಮೂರನೇ ವರ್ಷದಲ್ಲಿದ್ದರೆ, ನಿಮ್ಮ ಬಹುಪಾಲು ಕೆಲಸ ಬೇರೆಯವರ ಕೈಕೆಳಗೆ ನಡೆಯುತ್ತದೆ. ಹಾಗಾಗಿ ಮಾತಾಡಿದ್ದನ್ನು ಟಿಪ್ಪಣಿ ಮಾಡಿ, ಕುಲಸಚಿವರ ಮೂಲಕ ಕಡತದಲ್ಲಿ ಮಂಡಿಸಿ, ಆದೇಶವಾಗಿ ಹೊರಡಿಸಿ.

ಸಾಮಾನ್ಯ ತಪ್ಪು: ಹಣಕಾಸು ಅಧಿಕಾರಿಯನ್ನು ಮೊದಲ ಬಿಲ್ ತಡೆದ ದಿನ ಭೇಟಿಯಾಗುವುದು. ಅವರನ್ನು ಮೊದಲ ವಾರವೇ ಕಾಣಿ. ಯಾವ ಕಡತ ಯಾಕೆ ವಾಪಸ್ ಬರುತ್ತದೆ ಎಂದು ಅವರಷ್ಟು ಚೆನ್ನಾಗಿ ಇಡೀ ಕ್ಯಾಂಪಸ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಎಚ್ಚರಿಕೆ ಗಂಟೆ: ಐದರಲ್ಲಿ ಮೂರು ಪ್ರಶ್ನೆಗೆ "ಆಮೇಲೆ ನೋಡೋಣ" ಎಂಬ ಉತ್ತರ ಬಂದರೆ, ಸಂಸ್ಥೆ ಬೇಕಿರುವುದು ನ್ಯಾಕ್ (ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ಮಂಡಳಿ) ವರದಿಯ ಒಂದು ಸಾಲಿಗೆ ಮಾತ್ರ. ಆಗಲೂ ಕೆಲಸ ಮಾಡಬಹುದು. ಆದರೆ ಚಿಕ್ಕದಾಗಿ, ಒಂದೇ ವಿಷಯ ಹಿಡಿದು ಮಾಡಿ.

## ಹಂತ 2: ಯಾರ ಯಾವ ನಿರ್ಧಾರ ಬದಲಾಗಬೇಕು?

ಇಡೀ ಕೆಲಸದ ತಿರುಳು ಇದೇ. ಇದಕ್ಕೆ ಮೂರು ತಿಂಗಳು ಕೊಡಿ. ಆ ಮೂರು ತಿಂಗಳಲ್ಲಿ ಹೊಸ ಪ್ರಸ್ತಾವನೆ ಬರೆಯಬೇಡಿ, ಯಂತ್ರ ಕೊಳ್ಳಬೇಡಿ.

"ಹವಾಮಾನ ವೈಪರೀತ್ಯಕ್ಕೆ ರೈತರನ್ನು ಸಜ್ಜುಗೊಳಿಸುವುದು" ಎನ್ನುವುದು ಆಸೆ. ಆಸೆಯ ಮೇಲೆ ಸಂಶೋಧನೆ ಕಟ್ಟಲು ಆಗುವುದಿಲ್ಲ. ನಿರ್ಧಾರ ಅಂದರೆ ಒಬ್ಬ ಮನುಷ್ಯ, ಒಂದು ದಿನಾಂಕ, ಎರಡು ದಾರಿ. ಅದನ್ನು ಬರೆಯಲು ಒಂದು ಪುಟದ ನಮೂನೆ ಸಾಕು. ಚಳ್ಳಕೆರೆ ಕಡೆಯ ಶೇಂಗಾ ಇಟ್ಟುಕೊಂಡು ತುಂಬಿಸಿದರೆ ಹೀಗಿರುತ್ತದೆ:

ಯಾರು? ಬೋರ್‌ವೆಲ್ ಇಲ್ಲದ, ಮಳೆಯನ್ನೇ ನಂಬಿದ ರೈತ.
ಯಾವ ನಿರ್ಧಾರ? ಬಿದ್ದ ಈ ಹದ ಮಳೆಗೆ ಬಿತ್ತಬೇಕೋ, ಮುಂದಿನದಕ್ಕೆ ಕಾಯಬೇಕೋ.
ಯಾವಾಗ? ಜೂನ್ ಕೊನೆಯಿಂದ ಆಗಸ್ಟ್ ಮಧ್ಯದೊಳಗೆ. ಮಳೆ ಬಿದ್ದ ಮೇಲೆ ಕೈಯಲ್ಲಿರುವುದು ಎರಡು ಮೂರು ದಿನ.
ಏನು ಗೊತ್ತಾದರೆ ಅನುಕೂಲ? ನೆಲದಲ್ಲಿ ಎಷ್ಟು ತೇವ ಇದೆ, ಮುಂದೆ ಎಷ್ಟು ದಿನ ಮಳೆ ಕೈಕೊಡಬಹುದು.
ಈಗ ಯಾರ ಮಾತು ಕೇಳುತ್ತಾರೆ? ಅಕ್ಕಪಕ್ಕದ ಹೊಲದವರು, ಬೀಜ-ಗೊಬ್ಬರದ ಅಂಗಡಿ, ರೈತ ಸಂಪರ್ಕ ಕೇಂದ್ರ.
ತಪ್ಪಾದರೆ ಯಾರಿಗೆ ಏಟು? ಪೂರ್ತಿ ರೈತನಿಗೆ. ಶೇಂಗಾದಲ್ಲಿ ಬೀಜದ ಖರ್ಚೇ ಜಾಸ್ತಿ, ಎರಡನೇ ಸಲ ಬಿತ್ತಲು ಕೈಯಲ್ಲಿ ಕಾಸಿರುವುದಿಲ್ಲ.

ಕೊನೆಯ ಸಾಲನ್ನು ಬಿಡಲೇಬೇಡಿ. ನಾವು ಕೊಟ್ಟ ಸಲಹೆ ತಪ್ಪಾದರೆ ನಮ್ಮ ಸಂಬಳ ನಿಲ್ಲುವುದಿಲ್ಲ, ಅವರ ಮನೆಯ ವರ್ಷದ ಕೂಳು ನಿಲ್ಲುತ್ತದೆ. ಇದು ತಲೆಯಲ್ಲಿದ್ದರೆ ಎಷ್ಟು ಖಚಿತವಾಗಿ ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಈ ದಾರಿ ಹೊಸದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಅವರ ಜೊತೆಗಾರರು ಅನಂತಪುರ ಸೀಮೆಯ ಶೇಂಗಾ ಮೇಲೆ ಕೆಲಸ ಮಾಡಿದಾಗ ಹಿಡಿದದ್ದು ಬಿತ್ತನೆ ಯಾವಾಗ ಎಂಬ ರೈತರ ಪ್ರಶ್ನೆಯನ್ನೇ. ಬೆಳೆ ಮಾದರಿ, ಹಳೆಯ ಮಳೆ ಲೆಕ್ಕ ಎಲ್ಲವೂ ಆ ಪ್ರಶ್ನೆಯ ಹಿಂದೆ ಬಂದವು.

ಅದೇ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ, ಹಳ್ಳಿಗೆ ಬೇಕಾದ ತಂತ್ರಜ್ಞಾನದ ಮೇಲೆ ಕೆಲಸ ಮಾಡುವ 'ಅಸ್ತ್ರ' ಕೇಂದ್ರದಿಂದ ಕಲಿಯುವುದು ಇನ್ನೂ ಇದೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಸಗಣಿ ಅನಿಲದ ಸಮುದಾಯ ಸ್ಥಾವರ ಕಟ್ಟಿದ್ದು ಅಡುಗೆಗೆ ಅಂತ. ಅಷ್ಟು ಮನೆಗಳ ಅಡುಗೆಗೆ ಬೇಕಾದಷ್ಟು ಸಗಣಿ ಸಿಗಲಿಲ್ಲ. ಊರಿನವರಿಗೆ ಅದಕ್ಕಿಂತ ಮುಖ್ಯವಾಗಿ ಬೇಕಿದ್ದದ್ದು ಕುಡಿಯುವ ನೀರು, ದೀಪ. 1987ರ ಹೊತ್ತಿಗೆ ಅದೇ ಅನಿಲದಿಂದ ಎಂಜಿನ್ ಓಡಿಸಿ ನೀರು ಮತ್ತು ಬೆಳಕು ಕೊಡುವ ವ್ಯವಸ್ಥೆ ಬಂತು. ಸ್ಥಾವರ ಅದೇ, ವಿಜ್ಞಾನ ಅದೇ. ಬದಲಾದದ್ದು ಪ್ರಶ್ನೆ.

ನಿರ್ಧಾರ ಯಾವಾಗಲೂ ರೈತನದ್ದೇ ಆಗಬೇಕಿಲ್ಲ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್-ಮೇನಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ ಎಂಟಕ್ಕೇ ಶುರುವಾಗಿ ಮಧ್ಯಾಹ್ನ ಮುಗಿಯುವಂತೆ ಬದಲಾಗುತ್ತದೆ. ಅದೇ ಊರಿನ ಕಟ್ಟಡ ಕೂಲಿಯವರ ವೇಳೆಯನ್ನು ಯಾರು ನಿರ್ಧರಿಸುತ್ತಾರೆ? ಕಂಟ್ರಾಕ್ಟರಾ, ಕಾರ್ಮಿಕ ಇಲಾಖೆಯಾ, ಜಿಲ್ಲಾಧಿಕಾರಿಯಾ? ಇದಕ್ಕೆ ಉತ್ತರ ಹುಡುಕುವುದೂ ಹವಾಮಾನ ಸಂಶೋಧನೆಯೇ.

ಮೂರು ತಿಂಗಳಲ್ಲಿ ಇಂಥ ಹತ್ತು ಹದಿನೈದು ಪುಟ ತುಂಬಿಸಿ. ಫೋನಿನಲ್ಲಿ ಬೇಡ, ಹೋಗಿ ಕೂತು ಕೇಳಿ. ಊರಿಗೆ ಹೋದಾಗ ಪಂಚಾಯಿತಿ ಕಟ್ಟೆಯಲ್ಲಿ ಗಂಡಸರ ಜೊತೆ ಮಾತಾಡಿ ಎದ್ದು ಬರುವುದು ಬಹಳ ತಂಡಗಳು ಮಾಡುವ ತಪ್ಪು. ಬೀಜ ಎತ್ತಿಡುವವರು, ನೀರು ಹೊರುವವರು, ಕುರಿ-ಮೇಕೆ ನೋಡಿಕೊಳ್ಳುವವರು ಅಲ್ಲಿರುವುದಿಲ್ಲ, ಅಲ್ವಾ?

## ಹಂತ 3: ಎರಡು ಮೂರು ಕೆಲಸಕ್ಕೆ ಇಳಿಸಿ

ಹದಿನೈದು ಪುಟದಿಂದ ಎರಡು, ಜಾಸ್ತಿ ಅಂದರೆ ಮೂರು ಆರಿಸಿ. ಆರಿಸಲು ಮೂರು ಪ್ರಶ್ನೆ ಸಾಕು: ನಮ್ಮಲ್ಲಿ ಈ ವಿಷಯ ಬಲ್ಲವರು ಈಗಲೇ ಇದ್ದಾರಾ? ನಿರ್ಧಾರ ಮಾಡುವವರು ನಮ್ಮ ಜೊತೆ ಕೂರಲು ಸಿದ್ಧರಿದ್ದಾರಾ? ಮೂರು ವರ್ಷದಲ್ಲಿ ಏನಾದರೂ ಬದಲಾದದ್ದು ಕಣ್ಣಿಗೆ ಕಾಣಬಹುದಾ?

ಸೌರಶಕ್ತಿ, ನೀರು, ಕಾಡು, ನಗರ, ಆರೋಗ್ಯ, ನೀತಿ ಎಂದು ಆರು ವಿಭಾಗ ಮಾಡಿ ಪ್ರತಿಯೊಂದಕ್ಕೂ ಒಬ್ಬ ಸಂಯೋಜಕರನ್ನು ಹಾಕಿದರೆ ಎಲ್ಲ ಇಲಾಖೆಯವರಿಗೂ ಸಮಾಧಾನವಾಗುತ್ತದೆ. ಕೆಲಸ ಮಾತ್ರ ಒಂದೂ ಆಗುವುದಿಲ್ಲ. ಇಲ್ಲಿ ನಿರ್ದೇಶಕರು ನಿಷ್ಠುರರಾಗಲೇಬೇಕು. "ಈ ಎರಡು ವರ್ಷ ನಿಮ್ಮ ವಿಷಯ ತೆಗೆದುಕೊಳ್ಳುತ್ತಿಲ್ಲ ಸರ್" ಎಂದು ಹಿರಿಯ ಸಹೋದ್ಯೋಗಿಗೆ ಮುಖಾಮುಖಿ, ಗೌರವದಿಂದ ಹೇಳಿ. ಸುತ್ತೋಲೆಯಲ್ಲಿ ಹೇಳಬೇಡಿ.

ಎಚ್ಚರಿಕೆ ಗಂಟೆ: ಸಹಿ ಹಾಕಿದ ಒಡಂಬಡಿಕೆಗಳ ಸಂಖ್ಯೆ ನಡೆಯುತ್ತಿರುವ ಕೆಲಸಗಳ ಸಂಖ್ಯೆಗಿಂತ ಜಾಸ್ತಿಯಾಗಿದ್ದರೆ ಹೊಸ ಒಡಂಬಡಿಕೆ ನಿಲ್ಲಿಸಿ.

## ಹಂತ 4: ಜನರನ್ನು ಸೇರಿಸಿಕೊಳ್ಳಿ, ಮೊದಲು ಯಾರನ್ನು ಅಂತ ಗೊತ್ತಿರಲಿ

ಮೊದಲ ನೇಮಕ ಮಾಡೆಲಿಂಗ್ ತಜ್ಞರದ್ದು ಆಗಬೇಕು ಎಂದುಕೊಳ್ಳುತ್ತೇವೆ. ನನ್ನ ಅನಿಸಿಕೆಯಲ್ಲಿ ಮೊದಲು ಬೇಕಾದವರು ಲೆಕ್ಕಪತ್ರ ಬಲ್ಲ ಒಬ್ಬ ಯೋಜನಾ ವ್ಯವಸ್ಥಾಪಕರು. ಎರಡನೆಯವರು ಕ್ಷೇತ್ರ ಸಂಯೋಜಕರು: ಆ ಸೀಮೆಯ ಭಾಷೆ ಆಡುವ, ಬಸ್ಸಿನಲ್ಲಿ ಓಡಾಡುವ, ಊರಿನವರು ಹೆಸರು ಹಿಡಿದು ಕರೆಯುವಂಥವರು. ಮೂರನೆಯವರು ದತ್ತಾಂಶ ನೋಡಿಕೊಳ್ಳುವವರು. ಈ ಮೂವರಿದ್ದರೆ ವಿಜ್ಞಾನಿಗಳು ವಿಜ್ಞಾನ ಮಾಡಬಹುದು. ಇಲ್ಲದಿದ್ದರೆ ಪಿಎಚ್‌ಡಿ ವಿದ್ಯಾರ್ಥಿಗಳೇ ಕೊಟೇಶನ್ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ.

ಅರ್ಥಶಾಸ್ತ್ರ ಅಥವಾ ಸಮಾಜಶಾಸ್ತ್ರದಿಂದ ಒಬ್ಬರನ್ನಾದರೂ ಮೊದಲ ದಿನದಿಂದಲೇ ತಂಡದಲ್ಲಿಡಿ. ಕೊನೆಯಲ್ಲಿ "ಒಂದು ಸರ್ವೆ ಮಾಡಿಕೊಡಿ" ಎಂದು ಕರೆದರೆ ಅವರು ಮಾಡಿಕೊಡುವುದು ಸರ್ವೆ ಅಷ್ಟೇ.

ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ವಿಷಯ ಬಹಳ ಮುಖ್ಯ. 2023ರ ಜನವರಿಯಿಂದ ಕೇಂದ್ರ ಸರ್ಕಾರದ ಯೋಜನೆಗಳಲ್ಲಿ ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೋ) ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್‌ಗೆ (ಹಿರಿಯ ಸಂಶೋಧನಾ ಫೆಲೋ) 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಕಾಗದದ ಮೇಲೆ ಸರಿ. ಆದರೆ ಕಂತು ಬರುವುದು ತಡವಾದಾಗ ಆ ಹುಡುಗ ಹುಡುಗಿಯರು ಪಿಜಿ ಬಾಡಿಗೆಗೆ ಸಾಲ ಮಾಡುತ್ತಾರೆ. ಓವರ್‌ಹೆಡ್ ಪಾಲಿನಿಂದ ಮೂರು ನಾಲ್ಕು ತಿಂಗಳ ಫೆಲೋಶಿಪ್ ಮುಂಗಡ ಕೊಡುವಷ್ಟು ಒಂದು ನಿಧಿಯನ್ನು ಸಿಂಡಿಕೇಟ್ ಒಪ್ಪಿಗೆ ಪಡೆದು ಇಡಿ. ನಿರ್ದೇಶಕರು ಮಾಡಬಹುದಾದ ಒಳ್ಳೆಯ ಕೆಲಸಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ.

## ಹಂತ 5: ಹಣ ತನ್ನಿ, ಪ್ರತಿ ಹಣದ ಷರತ್ತೂ ಓದಿ

ಈಗ ಪ್ರಸ್ತಾವನೆ ಬರೆಯಿರಿ. ನಿರ್ಧಾರದ ಪುಟ ಕೈಯಲ್ಲಿರುವುದರಿಂದ ಅರ್ಧ ಕೆಲಸ ಮುಗಿದಿರುತ್ತದೆ. ಒಂದೇ ಮೂಲವನ್ನು ನಂಬಬೇಡಿ.

ಕೇಂದ್ರದ ಅನುದಾನ: ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಇದ್ದ ಜಾಗದಲ್ಲಿ ಈಗ 2023ರ ಕಾಯ್ದೆಯಡಿ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಇದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಹವಾಮಾನ ಯೋಜನೆಗಳು ಬೇರೆ. ಇಲ್ಲಿ ಕಡತ ನಿಲ್ಲುವುದು ಬಳಕೆ ಪ್ರಮಾಣಪತ್ರದಲ್ಲಿ. ಅದನ್ನು ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 2017ರ 12-ಎ ನಮೂನೆಯಲ್ಲಿ ಕೊಡಬೇಕು. ಖಾತೆಯಲ್ಲಿ ಬಂದ ಬಡ್ಡಿಯನ್ನು ತೋರಿಸಿ ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಬಡ್ಡಿಯ ಕಾಲಂ ಖಾಲಿ ಬಿಟ್ಟು ಕಳಿಸಿದ ಪ್ರಮಾಣಪತ್ರ ಹಾಗೇ ತಿರುಗಿ ಬರುತ್ತದೆ, ಜೊತೆಗೆ ಮುಂದಿನ ಕಂತೂ ನಿಲ್ಲುತ್ತದೆ. ಮಾರ್ಚ್ 31 ಕಳೆದ ತಕ್ಷಣ ಏಪ್ರಿಲ್‌ನಲ್ಲೇ ಇದನ್ನು ಮುಗಿಸಿ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಹಣ): 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅಡಿಯಲ್ಲಿ ಬರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟು ಖರ್ಚು ಮಾಡಬೇಕು. ಸಾರ್ವಜನಿಕ ಹಣದಿಂದ ನಡೆಯುವ ವಿಶ್ವವಿದ್ಯಾಲಯಗಳ ಸಂಶೋಧನೆಗೂ ಏಳನೇ ಅನುಸೂಚಿಯಲ್ಲಿ ಅವಕಾಶ ಇದೆ. ಈ ಹಣ ಪಡೆದು ಕೆಲಸ ಮಾಡುವ ಸಂಸ್ಥೆಗಳಿಗಿರುವ ಸಿಎಸ್‌ಆರ್-1 ನೋಂದಣಿ ವಿಚಾರವನ್ನು ಮುಂಚೆಯೇ ಇತ್ಯರ್ಥ ಮಾಡಿಟ್ಟುಕೊಳ್ಳಿ. ಹಣ ಬರುವುದು ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್‌ನಲ್ಲಿ, ಅವಸರದಲ್ಲಿ. ಆ ಅವಸರಕ್ಕೆ ಮಣಿದು "ಹತ್ತು ಸಾವಿರ ಗಿಡ ನೆಡುತ್ತೇವೆ" ಎಂದು ಬರೆದುಕೊಟ್ಟರೆ ಮುಂದಿನ ವರ್ಷವೆಲ್ಲ ಗಿಡದ ಫೋಟೋ ತೆಗೆಯುವುದೇ ಕೆಲಸ. ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಹಕ್ಕು ನಮ್ಮದು ಎಂಬ ಸಾಲು ಒಪ್ಪಂದದಲ್ಲಿ ಇರಲೇಬೇಕು.

ವಿದೇಶಿ ಹಣ: ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನಿಮ್ಮ ವಿಶ್ವವಿದ್ಯಾಲಯಕ್ಕೆ ಅನ್ವಯವೋ, ವಿನಾಯಿತಿಯೋ ಎಂದು ಮೊದಲೇ ಬರಹದಲ್ಲಿ ಕೇಳಿ. ಹಳ್ಳಿಯಲ್ಲಿ ಸ್ವಯಂಸೇವಾ ಸಂಸ್ಥೆ ಪಾಲುದಾರರಾಗಿದ್ದರೆ ಇನ್ನೊಂದು ತೊಡಕಿದೆ: 2020ರ ತಿದ್ದುಪಡಿಯ ನಂತರ ಈ ಕಾಯ್ದೆಯಡಿ ಪಡೆದ ಹಣವನ್ನು ಮತ್ತೊಬ್ಬರಿಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ಪಾಲುದಾರರಿಗೆ ಮಾತು ಕೊಟ್ಟ ಮೇಲೆ ಇದು ಗೊತ್ತಾದರೆ ಸಂಬಂಧ ಕೆಡುತ್ತದೆ.

ಜಿಎಸ್‌ಟಿ: ಕಾನೂನಿನ ಮೂಲಕ ಸ್ಥಾಪಿತವಾದ ವಿಶ್ವವಿದ್ಯಾಲಯಗಳು ಅನುದಾನ ಪಡೆದು ಮಾಡುವ ಸಂಶೋಧನಾ ಸೇವೆಗೆ 2024ರ ಅಕ್ಟೋಬರ್‌ನಿಂದ ವಿನಾಯಿತಿ ಇದೆ. ಕನ್ಸಲ್ಟೆನ್ಸಿಯನ್ನು ಅದರ ಜೊತೆ ಬೆರೆಸಬೇಡಿ, ಬೇರೆ ಒಪ್ಪಂದ ಮಾಡಿ.

## ಹಂತ 6: ಖರೀದಿ ಮತ್ತು ಉಪಕರಣ

ಕೊಳ್ಳುವ ಮುಂಚೆ ಈಗಾಗಲೇ ಏನಿದೆ ನೋಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ದೇಶದಲ್ಲೇ ಇಷ್ಟು ದಟ್ಟವಾದ ಜಾಲ ಅಪರೂಪ. ಆ ದತ್ತಾಂಶಕ್ಕೆ ಪತ್ರ ಬರೆಯುವ ಬದಲು ಕ್ಯಾಂಪಸ್ ತಾರಸಿಯ ಮೇಲೆ ಇನ್ನೊಂದು ಕೇಂದ್ರ ಇಡುವುದು ಯಾಕೆ?

ಇಡಲೇಬೇಕಿದ್ದರೆ ಜಾಗ ಸರಿಯಾಗಿರಲಿ. ಹತ್ತಿರದ ಮರ ಅಥವಾ ಕಟ್ಟಡದ ಎತ್ತರದ ಕನಿಷ್ಠ ಎರಡರಷ್ಟು ದೂರದಲ್ಲಿ ಮಳೆಮಾಪಕ ಇರಬೇಕು. ಶಾಲೆಯ ಆವರಣದಲ್ಲಿ ಇಡುವಾಗ ಪಕ್ಕದ ಹೊಂಗೆ ಸಸಿ ಐದು ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಎಂದೂ ಯೋಚಿಸಿ. ಕೊಳವೆಯಲ್ಲಿ ಜೇಡ ಬಲೆ ಕಟ್ಟಿದರೆ ಸಾಕು, ಒಂದು ಇಡೀ ಮುಂಗಾರಿನ ಲೆಕ್ಕ ಹಾಳು. ಅದಕ್ಕೇ ಊರಿನಲ್ಲಿ ಒಬ್ಬರಿಗೆ ಸಣ್ಣ ಗೌರವಧನ ಕೊಟ್ಟು ವಾರಕ್ಕೊಮ್ಮೆ ಒರೆಸುವ ವ್ಯವಸ್ಥೆ ಮಾಡಿ.

ರಾಜ್ಯ ವಿಶ್ವವಿದ್ಯಾಲಯದ ಖರೀದಿಗೆ 1999ರ ಕೆಟಿಪಿಪಿ ಕಾಯ್ದೆ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗೆ ಇರುವ ರಾಜ್ಯದ ಕಾಯ್ದೆ) ಅನ್ವಯಿಸುತ್ತದೆ. ಒಬ್ಬರೇ ತಯಾರಿಸುವ ಉಪಕರಣವನ್ನು ಟೆಂಡರ್ ಇಲ್ಲದೆ ಕೊಳ್ಳಲು ಅದರ ಸೆಕ್ಷನ್ 4(ಜಿ) ವಿನಾಯಿತಿಗೆ ಹೋದರೆ ಸರ್ಕಾರದ ಮಟ್ಟದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆ ತಿಂಗಳುಗಳನ್ನು ಯೋಜನೆಯ ವೇಳಾಪಟ್ಟಿಯಲ್ಲೇ ಸೇರಿಸಿ. ವಾರಂಟಿ ಮುಗಿದ ಮೇಲಿನ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಹಣವನ್ನು ಮೂಲ ಬಜೆಟ್ಟಿನಲ್ಲೇ ಕೇಳಿ. ಆಮೇಲೆ ಯಾರೂ ಕೊಡುವುದಿಲ್ಲ.

## ಹಂತ 7: ದತ್ತಾಂಶ ಹೇಳುವಷ್ಟೇ ಹೇಳಿ

ಹವಾಮಾನ ಇಲಾಖೆಯ, ನೆಲವನ್ನು ಚೌಕಗಳಾಗಿ ಭಾಗಿಸಿ ಕೊಡುವ ಮಳೆ ದತ್ತಾಂಶ 1901ರಿಂದ ಇದೆ, ಪ್ರತಿ ಚೌಕ 0.25 ಡಿಗ್ರಿ. ಅಂದರೆ ಬದಿಗೆ ಸುಮಾರು 27 ಕಿಲೋಮೀಟರ್. ಜಾಗತಿಕ ಹವಾಮಾನ ಮಾದರಿಗಳ ಚೌಕ ಬಹಳ ಸಲ ನೂರು ಕಿಲೋಮೀಟರ್ ಆಸುಪಾಸು. ಇದನ್ನು ಸಾಫ್ಟ್‌ವೇರ್‌ನಲ್ಲಿ ಚಿಕ್ಕದು ಮಾಡಿ "2050ಕ್ಕೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಶೇ. 7.3 ಮಳೆ ಕಡಿಮೆ" ಎಂದು ನಕ್ಷೆ ಬಿಡುವುದು ತಪ್ಪು. ಚಿತ್ರ ಚಿಕ್ಕ ಚೌಕದ್ದಾದ ಮಾತ್ರಕ್ಕೆ ತಿಳಿವಳಿಕೆ ಅಷ್ಟು ಸೂಕ್ಷ್ಮವಾಗುವುದಿಲ್ಲ. ಹಲವು ಮಾದರಿಗಳನ್ನು ನೋಡಿ, ಅವು ಒಪ್ಪುವುದೆಲ್ಲಿ, ಜಗಳವಾಡುವುದೆಲ್ಲಿ ಎಂದು ಎರಡನ್ನೂ ಬರೆಯಿರಿ. ಉಷ್ಣಾಂಶದ ವಿಷಯದಲ್ಲಿ ಅವು ಒಪ್ಪುವಷ್ಟು ಮಳೆಯ ವಿಷಯದಲ್ಲಿ ಒಪ್ಪುವುದಿಲ್ಲ.

ಕಚ್ಚಾ ದತ್ತಾಂಶ ವಿದ್ಯಾರ್ಥಿಯ ಸ್ವಂತ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರಕೂಡದು. ಕಾಲಂ ಹೆಸರು, ಅಳತೆ ಮಾನ, ಎಲ್ಲಿ ಯಾವಾಗ ತೆಗೆದದ್ದು ಎಂದು ವಿವರಿಸುವ ಒಂದು ಪುಟ ಪ್ರತಿ ಕಡತದ ಜೊತೆ ಕಡ್ಡಾಯ ಮಾಡಿ. ಮನೆಮನೆ ಸಮೀಕ್ಷೆಯಿದ್ದರೆ ಹೆಸರು, ಫೋನ್ ನಂಬರ್ ಬೇರೆ ಕಡೆ ಬೀಗ ಹಾಕಿಡಿ.

## ಹಂತ 8: ಉತ್ತರವನ್ನು ಸರಿಯಾದ ವಾರ ತಲುಪಿಸಿ

ಶೇಂಗಾ ಬಿತ್ತನೆಯ ಸಲಹೆ ಸೆಪ್ಟೆಂಬರ್‌ನಲ್ಲಿ ಬಂದರೆ ಯಾರಿಗೂ ಬೇಡ. ಇಲಾಖೆಗಳಿಗೂ ಕಾಲ ಇದೆ. ಮುಂಗಾರಿನ ತಯಾರಿ ಸಭೆಗಳು ನಡೆಯುವುದು ಏಪ್ರಿಲ್-ಮೇನಲ್ಲಿ, ನಿಮ್ಮ ಎರಡು ಪುಟದ ಟಿಪ್ಪಣಿ ಆಗ ಜಂಟಿ ಕೃಷಿ ನಿರ್ದೇಶಕರ ಮೇಜಿನ ಮೇಲಿರಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಅಂಥ ವರ್ಷದ ಅಕ್ಟೋಬರ್‌ನಲ್ಲಿ ಅಧಿಕಾರಿಗಳನ್ನು ಕಾರ್ಯಾಗಾರಕ್ಕೆ ಕರೆದರೆ ಬರುವುದಿಲ್ಲ, ಬರಬೇಕು ಎಂದು ಬಯಸುವುದೂ ತಪ್ಪು.

ಟಿಪ್ಪಣಿ ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ವರದಿಯನ್ನು ಕೊನೆಯಲ್ಲಿ ಯಾರಿಂದಲೋ ಅನುವಾದ ಮಾಡಿಸಿದರೆ ಓದಲು ಆಗುವುದಿಲ್ಲ. "ಮಳೆಯ ಸಂಭವನೀಯತೆ ಶೇ. 60" ಎನ್ನುವ ಬದಲು "ಇಂಥ ಹತ್ತು ವರ್ಷದಲ್ಲಿ ಆರು ವರ್ಷ ಮಳೆ ಬಂದಿದೆ, ನಾಲ್ಕು ವರ್ಷ ಬಂದಿಲ್ಲ" ಎಂದು ಬರೆಯಿರಿ. ಹೊರಡಿಸುವ ಮುಂಚೆ ಇಬ್ಬರು ರೈತರಿಗೆ, ಒಬ್ಬ ಸಹಾಯಕ ಕೃಷಿ ಅಧಿಕಾರಿಗೆ ಓದಿ ಹೇಳಿ, ಅವರು ಏನು ಅರ್ಥ ಮಾಡಿಕೊಂಡರು ಎಂದು ಅವರ ಬಾಯಲ್ಲೇ ಕೇಳಿ.

ಅಧಿಕಾರಿಗಳಿಗೆ ವರ್ಗಾವಣೆ ಇದ್ದದ್ದೇ. ಒಬ್ಬರ ಸ್ನೇಹದ ಮೇಲೆ ನಿಂತ ಕೆಲಸ ಅವರ ಜೊತೆಗೇ ಹೋಗುತ್ತದೆ. ಪ್ರತಿ ಇಲಾಖೆಯಲ್ಲಿ ಕೆಳಹಂತದ ಇಬ್ಬರ ಜೊತೆಯೂ ಒಡನಾಟ ಇರಲಿ.

## ಹಂತ 9: ಆರು ತಿಂಗಳಿಗೊಮ್ಮೆ ನೋಡಿ, ನಿಲ್ಲಿಸಬೇಕಾದ್ದನ್ನು ನಿಲ್ಲಿಸಿ

ಸಭೆಯಲ್ಲಿ ಹಂತ 2ರ ಪುಟಗಳನ್ನು ಮತ್ತೆ ಮೇಜಿನ ಮೇಲೆ ಹರಡಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಈ ನಿರ್ಧಾರ ಮಾಡುವವರು ಕಳೆದ ಆರು ತಿಂಗಳಲ್ಲಿ ಏನನ್ನಾದರೂ ಬೇರೆ ಥರ ಮಾಡಿದರಾ? ಎರಡು ಸುತ್ತು "ಇಲ್ಲ" ಎಂದು ಬಂದರೆ ಕೆಲಸ ನಿಲ್ಲಿಸಿ ಅಥವಾ ಪ್ರಶ್ನೆ ಬದಲಿಸಿ. ಅಲ್ಲಿ ದುಡಿದ ವಿದ್ಯಾರ್ಥಿಯ ಪಿಎಚ್‌ಡಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಪೇಪರ್‌ಗಳ ಲೆಕ್ಕವೂ ಇರಲಿ, ತರುಣರ ಕೆಲಸಕ್ಕೆ ಅದು ಬೇಕು.

ಎಚ್ಚರಿಕೆ ಗಂಟೆಗಳು: ಕ್ಷೇತ್ರ ಭೇಟಿಯ ಬಿಲ್‌ಗಳಲ್ಲಿ ಹಿರಿಯರ ಹೆಸರು ಕಾಣದಿರುವುದು. ಒಂದೇ ಊರಿಗೆ ಎಲ್ಲ ಯೋಜನೆಯವರೂ ಹೋಗುವುದು, ಯಾಕೆಂದರೆ ಅದು ಹೆದ್ದಾರಿ ಪಕ್ಕ ಇದೆ. ವರ್ಷದಲ್ಲಿ ಇಬ್ಬರು ಯೋಜನಾ ಸಿಬ್ಬಂದಿ ಕಾರಣ ಹೇಳದೆ ಬಿಟ್ಟುಹೋಗುವುದು. ಕೊನೆಯದು ಕಂಡರೆ ಬೇರೆಲ್ಲ ಬದಿಗಿಟ್ಟು ಉಳಿದವರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿ.

## ಹಂತ 10: ಮುಂದಿನವರಿಗೆ ಒಪ್ಪಿಸುವ ಕಡತ

ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಶುರು ಮಾಡಿ. ಸರ್ವರ್ ಪಾಸ್‌ವರ್ಡ್‌ಗಳು, ಡೊಮೈನ್ ನವೀಕರಣದ ದಿನ, ಸಿಮ್ ಕಾರ್ಡ್ ಇರುವ ಉಪಕರಣಗಳ ರೀಚಾರ್ಜ್ ಪಟ್ಟಿ, ಊರೂರಿನ ಸಂಪರ್ಕದವರ ಹೆಸರು, ಬಾಕಿ ಬಳಕೆ ಪ್ರಮಾಣಪತ್ರಗಳು, ಲೆಕ್ಕಪರಿಶೋಧನೆಯ ಆಕ್ಷೇಪಣೆ ಮತ್ತು ಕೊಟ್ಟ ಉತ್ತರ. ಮುಂದೆ ಬರಬಹುದಾದವರನ್ನು ಕೊನೆಯ ಆರು ತಿಂಗಳು ಹಳ್ಳಿಗೂ ವಿಧಾನಸೌಧಕ್ಕೂ ಜೊತೆಗೆ ಕರೆದುಕೊಂಡು ಹೋಗಿ. ಊರಿನವರಿಗೆ ನೀವೇ ಖುದ್ದಾಗಿ ಹೇಳಿ: ಇನ್ನು ಮೇಲೆ ಇವರು ಬರುತ್ತಾರೆ, ಮಳೆಮಾಪಕ ಕೆಟ್ಟರೆ ಈ ನಂಬರಿಗೆ ಫೋನ್ ಮಾಡಿ.